ತುಕ್ಕು ಹಿಡಿದ ನಟ್ಟು ಬೋಲ್ಟು ಮುರಿಯದೆ ಬಿಚ್ಚುವುದು ಹೇಗೆ: ಯಾವ ಎಣ್ಣೆ, ಎಷ್ಟು ಹೊತ್ತು, ಎಷ್ಟು ಬಲ

ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ತೋಟದ ಪಂಪಿನ ಸೀಲು ಹೋಯಿತು. ಸೀಲು ಬದಲಿಸಬೇಕಾದರೆ ಕೇಸಿಂಗ್, ಅಂದರೆ ಪಂಪಿನ ಹೊರಕವಚ, ಬಿಚ್ಚಬೇಕು, ಅದಕ್ಕೆ ಆರು ಬೋಲ್ಟು. ಐದು ಬಂದವು. ಆರನೆಯದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಆಗಲೇ ಸಂಜೆಯಾಗಿತ್ತು, ಅಡಿಕೆ ಸಸಿಗಳಿಗೆ ಎರಡು ದಿನದಿಂದ ನೀರಿರಲಿಲ್ಲ. ಡಬ್ಬಿಯಲ್ಲಿದ್ದ ಸ್ಪ್ರೇ ಹೊಡೆದು, ಎರಡು ನಿಮಿಷ ಕಾದು, 13 ಎಂಎಂ ಸ್ಪ್ಯಾನರಿಗೆ ಎರಡಡಿ ಪೈಪು ಸಿಕ್ಕಿಸಿ ಎಳೆದೆ. ಟಕ್ ಅಂತ ಸದ್ದಾಯಿತು, ಕೈ ಒಮ್ಮೆಲೇ ಹಗುರಾಯಿತು. ಬೋಲ್ಟಿನ ತಲೆ ಸ್ಪ್ಯಾನರಿನಲ್ಲೇ ಉಳಿದಿತ್ತು, ಮುರಿದ ಜಾಗ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಉಳಿದ ಮೋಟು ತುಂಡನ್ನು ಹಿಡಿದು ತಿರುಗಿಸಲು ಹೋದರೆ ಅದೂ ಮುರಿಯಿತು. ಪಂಪು ಲೇತ್ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಇನ್ನೂ ಮೂರು ದಿನ ಕಳೆಯಿತು, ಸಸಿಗಳ ಎಲೆ ತುದಿಯಿಂದ ಒಣಗುತ್ತಾ ಬಂತು.

ಆ ಬೋಲ್ಟಿಗೆ ಒಂದು ರಾತ್ರಿ ಕೊಟ್ಟಿದ್ದರೆ ಬರುತ್ತಿತ್ತು ಅಂತ ಈಗ ನನಗೆ ಗಟ್ಟಿ ನಂಬಿಕೆ. ಯಾಕೆಂದರೆ ಆಮೇಲೆ ಅದೇ ಪಂಪಿನ ಫ್ಲೇಂಜಿನ (ಪೈಪು ಪಂಪಿಗೆ ಸೇರುವ ಚಪ್ಪಟೆ ಬಳೆಯ) ನಾಲ್ಕು ಬೋಲ್ಟು, ಅದಕ್ಕಿಂತ ಕೆಟ್ಟದಾಗಿ ತುಕ್ಕು ತಿಂದವು, ಒಂದೂ ಮುರಿಯದೆ ಬಂದವು. ಎಣ್ಣೆ ಅದೇ ಡಬ್ಬಿಯದು. ಬದಲಾದದ್ದು ನಾನು ಕೊಟ್ಟ ಸಮಯ ಮತ್ತು ಮಾಡಿದ ಕ್ರಮ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಬೋಲ್ಟು ಯಾಕೆ ಕಚ್ಚಿಕೊಳ್ಳುತ್ತದೆ

ಕಬ್ಬಿಣ ತುಕ್ಕಾದಾಗ ಅದು ತೆಗೆದುಕೊಳ್ಳುವ ಜಾಗ ಮೂಲ ಲೋಹದ ಎರಡು ಪಟ್ಟಿಗಿಂತಲೂ ಜಾಸ್ತಿ. ನಟ್ಟಿನ ಥ್ರೆಡ್ಡಿಗೂ (ಸುರುಳಿ ಗೆರೆಗೂ) ಬೋಲ್ಟಿನ ಥ್ರೆಡ್ಡಿಗೂ ನಡುವೆ ಇರುವುದು ಕೂದಲೆಳೆಯಷ್ಟು ಸಂದು. ಆ ಸಂದಿನಲ್ಲಿ ತುಕ್ಕು ಊದಿಕೊಂಡಾಗ ಎರಡೂ ಕಡೆಯಿಂದ ಬೆಣೆ ಹೊಡೆದ ಹಾಗಾಗುತ್ತದೆ. ಅಂದರೆ ನಿಮ್ಮ ಮುಂದಿರುವುದು ಬರೀ ಬಿಗಿಯಾದ ನಟ್ಟಲ್ಲ, ಬೆಣೆ ಹೊಡೆದು ಕೂರಿಸಿದ ನಟ್ಟು. ಕರಾವಳಿಯ ಉಪ್ಪು ಗಾಳಿಯಲ್ಲಿ, ಆರು ತಿಂಗಳ ಮಳೆಯಲ್ಲಿ ಈ ಬೆಣೆ ಬೇಗ ಬೆಳೆಯುತ್ತದೆ. ಬಳ್ಳಾರಿ, ರಾಯಚೂರಿನ ಒಣ ಹವೆಯಲ್ಲಿ ನಿಧಾನ, ಆದರೆ ಅಲ್ಲೂ ಸ್ಪ್ರಿಂಕ್ಲರ್, ಟ್ರ್ಯಾಕ್ಟರ್ ಟ್ರೇಲರ್, ಗೊಬ್ಬರ ತಾಗುವ ಜಾಗ ಯಾವುದೂ ಇದಕ್ಕೆ ಹೊರತಲ್ಲ.

ಪೆನಿಟ್ರೇಟಿಂಗ್ ಆಯಿಲ್ ಅಂದರೆ ಈ ಸಂದಿನೊಳಗೆ ತಾನಾಗಿ ಹರಿದು ಹೋಗುವಷ್ಟು ತೆಳು ಎಣ್ಣೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದಲ್ವಾ, ಅದೇ ರೀತಿ. ಅದು ತುಕ್ಕನ್ನು ಕರಗಿಸುವುದಿಲ್ಲ. ತುಕ್ಕಿನ ಪುಡಿಯ ನಡುವೆ ಸೇರಿಕೊಂಡು ಜಾರುವಂತೆ ಮಾಡುತ್ತದೆ, ಅಷ್ಟೇ. ಬೆಣೆಯನ್ನು ಒಡೆಯುವ ಕೆಲಸ ನೀವೇ ಮಾಡಬೇಕು, ತಟ್ಟಿ, ಆಡಿಸಿ, ಬೇಕಾದರೆ ಕಾಯಿಸಿ. ಸ್ಪ್ರೇ ಹೊಡೆದ ಕೂಡಲೇ ಬರಬೇಕು ಅನ್ನುವವರು ಈ ಮಾತನ್ನು ಮರೆತಿರುತ್ತಾರೆ, ನಾನೂ ಮರೆತಿದ್ದೆ.

ಎಣ್ಣೆ ಹಾಕುವ ಮೊದಲು ನೋಡಬೇಕಾದ್ದು

ಬಿಚ್ಚಲು ಯಾವ ಕಡೆ ತಿರುಗಿಸಬೇಕು? ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ವಿರುದ್ಧ. ಆದರೆ ಹುಲ್ಲು ಕತ್ತರಿಸುವ ಮೆಷಿನ್ನಿನ ಬ್ಲೇಡ್ ಹಿಡಿದಿರುವ ನಟ್ಟು ಉಲ್ಟಾ ಥ್ರೆಡ್ಡಿನದು, ಅದನ್ನು ಗಡಿಯಾರದ ದಿಕ್ಕಿನಲ್ಲೇ ತಿರುಗಿಸಿ ಬಿಚ್ಚಬೇಕು. ಸೈಕಲ್ಲಿನ ಎಡ ಪೆಡಲ್ಲೂ ಹಾಗೇ. ಬೆಂಚ್ ಗ್ರೈಂಡರಿನ ಎಡಗಡೆ ಕಲ್ಲಿನ ನಟ್ಟು, ಟೇಬಲ್ ಫ್ಯಾನಿನ ರೆಕ್ಕೆ ಹಿಡಿದಿರುವ ತಿರುಪು, ಇವೂ ಉಲ್ಟಾ. ನಮ್ಮ ನೆರೆಮನೆಯವರು ಹುಲ್ಲಿನ ಮೆಷಿನ್ನಿಗೆ ಎರಡು ದಿನ ಎಣ್ಣೆ ಬಿಟ್ಟು ಇನ್ನಷ್ಟು ಬಿಗಿ ಮಾಡುತ್ತಾ ಕೂತಿದ್ದರು. ಥ್ರೆಡ್ಡಿನ ತುದಿ ಹೊರಗೆ ಕಾಣುತ್ತಿದ್ದರೆ ಬೋಲ್ಟನ್ನು ನೆಟ್ಟಗೆ ನಿಲ್ಲಿಸಿದ ಹಾಗೆ ನೋಡಿ: ಗೆರೆಗಳು ಬಲಕ್ಕೆ ಏರುತ್ತಿದ್ದರೆ ಸಾಮಾನ್ಯ ಥ್ರೆಡ್ಡು, ಎಡಕ್ಕೆ ಏರುತ್ತಿದ್ದರೆ ಉಲ್ಟಾ.

ಕಚ್ಚಿಕೊಂಡಿರುವುದು ತುಕ್ಕಿನಿಂದಲೇ ಹೌದಾ ಅಂತಲೂ ನೋಡಿ. ಥ್ರೆಡ್ಡಿಗೆ ಅಂಟು ಹಾಕಿ ಕೂರಿಸಿದ್ದರೆ, ಅದರಲ್ಲೂ ಕೆಂಪು ಬಣ್ಣದ ಗಟ್ಟಿ ಅಂಟಾಗಿದ್ದರೆ, ಎಷ್ಟು ಎಣ್ಣೆ ಬಿಟ್ಟರೂ ದಂಡ, ಅದಕ್ಕೆ ಶಾಖ ಬೇಕು. ಸ್ಟೀಲು ಬೋಲ್ಟಿಗೆ ಸ್ಟೀಲು ನಟ್ಟು ಹಾಕಿ, ಅಂದರೆ ಸ್ಟೇನ್‌ಲೆಸ್, ತಿರುಗುತ್ತಾ ತಿರುಗುತ್ತಾ ಮಧ್ಯದಲ್ಲಿ ನಿಂತುಬಿಟ್ಟಿದ್ದರೆ ಅದು ತುಕ್ಕಲ್ಲ, ಎರಡು ಲೋಹ ಒಂದಕ್ಕೊಂದು ಉಜ್ಜಿ ಬೆಸೆದುಕೊಂಡಿರುತ್ತವೆ. ಹೆಚ್ಚಿನ ಸಲ ಅದನ್ನು ಕತ್ತರಿಸುವುದೇ ದಾರಿ.

ಎಣ್ಣೆಯ ಆಯ್ಕೆ

ಹಾರ್ಡ್‌ವೇರ್ ಅಂಗಡಿಯಲ್ಲಿ "ತುಕ್ಕು ಬಿಡಿಸುವ ಸ್ಪ್ರೇ ಕೊಡಿ" ಅಂದರೆ ಬಹಳ ಕಡೆ ಡಬ್ಲ್ಯೂಡಿ-40 ಕೊಡುತ್ತಾರೆ. ಅದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯೆಗೋದಲ್ಲಿ ನೀರನ್ನು ಹೊರತಳ್ಳಿ ತುಕ್ಕು ತಡೆಯಲು ಮಾಡಿದ್ದು, ಹೆಸರಿನ ಅರ್ಥವೇ ನೀರು ತಳ್ಳುವ ನಲವತ್ತನೆಯ ಪ್ರಯತ್ನ ಅಂತ. ಹಗುರವಾಗಿ ತುಕ್ಕು ಹಿಡಿದ ತಿರುಪು, ಗೇಟಿನ ಚಿಲಕ, ಬೀಗ, ಇವಕ್ಕೆ ಧಾರಾಳ ಸಾಕು. ಅದರಲ್ಲಿ ಜಾಸ್ತಿ ಇರುವುದು ಬೇಗ ಆರಿಹೋಗುವ ತೆಳು ದ್ರವ, ಆರಿದ ಮೇಲೆ ಉಳಿಯುವ ಎಣ್ಣೆ ಕಡಿಮೆ. ಹಾಗಾಗಿ ಹಳೆಯ ತುಕ್ಕಿಗೆ ಬಳಸುವುದಾದರೆ ಒಂದು ಸಲ ಹೊಡೆದು ಬಿಡಬೇಡಿ, ಆರುವ ಮುಂಚೆ ಮತ್ತೆ ಮತ್ತೆ ಹಾಕುತ್ತಿರಬೇಕು. ಅದೇ ಕಂಪನಿ ಪೆನಿಟ್ರೆಂಟ್ ಅಂತ ಬೇರೆ ಡಬ್ಬಿಯನ್ನೂ ಮಾಡುತ್ತದೆ. ಡಬ್ಬಿಯ ಮೇಲೆ ಪೆನಿಟ್ರೇಟಿಂಗ್ ಅಥವಾ ರಸ್ಟ್ ರಿಲೀಸ್ ಅಂತ ಬರೆದಿದ್ದರೆ ಈ ಕೆಲಸಕ್ಕೆ ಅದನ್ನೇ ತೆಗೆದುಕೊಳ್ಳಿ, ಬ್ರ್ಯಾಂಡ್ ಯಾವುದಾದರೂ ಸರಿ. ಸಣ್ಣ ಪ್ಲಾಸ್ಟಿಕ್ ನಳಿಗೆ ಜೊತೆಗಿದೆಯಾ ನೋಡಿ. ಅದಿಲ್ಲದೆ ಹೊಡೆದರೆ ಅರ್ಧ ಎಣ್ಣೆ ಗಾಳಿಗೆ, ಇನ್ನರ್ಧ ಗೋಡೆಗೆ.

ಅಮೆರಿಕ, ಕೆನಡಾ ಕಡೆ ಇರುವ ನಮ್ಮವರಿಗೆ ಪಿಬಿ ಬ್ಲಾಸ್ಟರ್, ಕ್ರಾಯಿಲ್, ಲಿಕ್ವಿಡ್ ರೆಂಚ್ ಅಂತ ಸುಲಭವಾಗಿ ಸಿಗುತ್ತವೆ. ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವುದರಿಂದ ಕಾರಿನ ಅಡಿಭಾಗ ನಮ್ಮ ಕರಾವಳಿಯ ಗೇಟಿಗಿಂತ ಕೆಟ್ಟದಾಗಿ ತುಕ್ಕು ಹಿಡಿಯುತ್ತದೆ. ಕ್ರಮ ಮಾತ್ರ ಎಲ್ಲ ಕಡೆ ಒಂದೇ.

ಮನೆಯಲ್ಲಿ ಮಾಡಿಕೊಳ್ಳುವ ಮಿಶ್ರಣ ಒಂದಿದೆ: ಅಸಿಟೋನ್ ಅರ್ಧ, ಪವರ್ ಸ್ಟೀರಿಂಗಿಗೆ ಅಥವಾ ಆಟೋಮ್ಯಾಟಿಕ್ ಗೇರಿಗೆ ಹಾಕುವ ಕೆಂಪು ಎಣ್ಣೆ ಅರ್ಧ. ಅಸಿಟೋನ್ ಫೈಬರ್ ಕೆಲಸದವರ ಹತ್ತಿರ ಸಿಗುತ್ತದೆ, ಮಲ್ಪೆಯಂಥ ಬಂದರಿನಲ್ಲಿ ಫೈಬರ್ ದೋಣಿ ಕಟ್ಟುವವರು ಬ್ರಷ್ಷು ತೊಳೆಯಲು ಅದನ್ನೇ ಬಳಸುತ್ತಾರೆ. ಇದು ಚೆನ್ನಾಗಿ ಒಳಗೆ ಹೋಗುತ್ತದೆ, ಖರ್ಚೂ ಕಡಿಮೆ. ಆದರೆ ಎರಡೂ ಸರಿಯಾಗಿ ಬೆರೆಯುವುದಿಲ್ಲ, ನಿಲ್ಲಿಸಿಟ್ಟರೆ ಬೇರೆ ಬೇರೆ ಪದರವಾಗುತ್ತದೆ, ಪ್ರತಿ ಸಲ ಕುಲುಕಿಯೇ ಹಾಕಬೇಕು. ಪೇಂಟು, ಪ್ಲಾಸ್ಟಿಕ್ ತಾಗಿದರೆ ತಿಂದುಬಿಡುತ್ತದೆ. ಅಸಿಟೋನಿನ ಆವಿ ಬಹಳ ಬೇಗ ಬೆಂಕಿ ಹಿಡಿಯುತ್ತದೆ, ಬೀಡಿ ಸಿಗರೇಟು ಹತ್ತಿರವೂ ಬೇಡ, ಕಿಟಕಿ ಮುಚ್ಚಿದ ಕೋಣೆಯಲ್ಲಂತೂ ಬೇಡವೇ ಬೇಡ. ಉಳಿದದ್ದನ್ನು ಪೆಟ್ ಬಾಟಲಿಯಲ್ಲಿಟ್ಟು ಮನೆಯೊಳಗೆ ತರಬೇಡಿ, ಮಕ್ಕಳು ಅದರ ಬಣ್ಣ ನೋಡಿ ಶರಬತ್ತು ಅಂದುಕೊಂಡಾರು.

ಸೀಮೆಎಣ್ಣೆಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸುವುದು ಅಪ್ಪನ ಕಾಲದ ಪದ್ಧತಿ, ಈಗಲೂ ಕೆಲಸ ಮಾಡುತ್ತದೆ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಆದರೂ ನಡೆಯುತ್ತದೆ, ಇನ್ನೂ ನಿಧಾನ. ಬಿಚ್ಚಿ ಕೈಗೆ ಬಂದ ಭಾಗವನ್ನು ಡಬ್ಬಿಯಲ್ಲಿ ಮುಳುಗಿಸಿಡಲು ಡೀಸೆಲ್ಲೇ ಒಳ್ಳೆಯದು, ನಾಲ್ಕು ದಿನ ಬಿಟ್ಟರೂ ಆರುವುದಿಲ್ಲ.

ತೆಂಗಿನೆಣ್ಣೆ ಮಾತ್ರ ಬೇಡ. ನಮ್ಮ ಕಡೆ ಎಲ್ಲಕ್ಕೂ ತೆಂಗಿನೆಣ್ಣೆ ಹಾಕುವ ಅಭ್ಯಾಸ ಇದೆ. ಅದು ದಪ್ಪ, ಸಂದಿನೊಳಗೆ ಹೋಗುವುದಿಲ್ಲ. ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಕೆಲವು ತಿಂಗಳಲ್ಲಿ ಧೂಳು ಸೇರಿ ಅಂಟಂಟಾಗಿ, ಬೀಗವಾಗಲಿ ಕೀಲಾಗಲಿ ಮೊದಲಿಗಿಂತ ಜಾಸ್ತಿ ಕಚ್ಚಿಕೊಳ್ಳುತ್ತದೆ. ಗ್ರೀಸೂ ಅಷ್ಟೇ, ಅದು ಬಿಚ್ಚಿದ ಮೇಲೆ ಹಾಕುವಂಥದ್ದು.

ಎಲ್ಲಿ ಎಣ್ಣೆ ತಾಗಲೇಬಾರದು

ಬ್ರೇಕ್ ಡಿಸ್ಕು, ಪ್ಯಾಡು, ಡ್ರಮ್ಮಿನ ಒಳಗಿನ ಶೂ. ಒಂದು ಹನಿ ಬಿದ್ದರೂ ಬ್ರೇಕು ಸರಿಯಾಗಿ ಹಿಡಿಯದೆ ಹೋಗಬಹುದು. ಆ ಜಾಗದಲ್ಲಿ ಸ್ಪ್ರೇ ಬೇಡ, ಹತ್ತಿಯಲ್ಲೋ ಸಣ್ಣ ಬ್ರಷ್ಷಿನಲ್ಲೋ ಅದ್ದಿ ಹಚ್ಚಿ. ರಬ್ಬರ್ ಬುಷ್, ಸೀಲು ಇದ್ದರೆ ಒರೆಸಿ ತೆಗೆಯಿರಿ, ಪೆಟ್ರೋಲಿಯಂ ಎಣ್ಣೆಗೆ ರಬ್ಬರು ಊದಿಕೊಳ್ಳುತ್ತದೆ. ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರಿನ ವಾಲ್ವಿಗೆ, ರೆಗ್ಯುಲೇಟರಿಗೆ ಎಣ್ಣೆ ಯಾವತ್ತೂ ಮುಟ್ಟಿಸಬೇಡಿ. ಒತ್ತಡದ ಆಕ್ಸಿಜನ್ನಿಗೆ ಎಣ್ಣೆ ಸೇರಿದರೆ ಕಿಡಿ ಇಲ್ಲದೆಯೂ ಸ್ಫೋಟವಾಗಬಹುದು. ಕುಡಿಯುವ ನೀರಿನ ಬಾವಿಯ ಬಾಯಿಯಲ್ಲಿ ಕೂತು ಸ್ಪ್ರೇ ಹೊಡೆಯುವವರನ್ನು ನೋಡಿದ್ದೇನೆ, ನೋಡಿದರೆ ಸಂಕಟವಾಗುತ್ತದೆ. ಪೈಪು, ಫುಟ್‌ವಾಲ್ವು ಮೇಲಕ್ಕೆ ಎಳೆದು, ಬಾವಿಯಿಂದ ದೂರ ತಂದು ಕೆಲಸ ಮಾಡಿ. ಸರಿಸಲಾಗದ ಪಂಪಾದರೆ ಅಡಿಗೆ ಹಳೆ ಬಟ್ಟೆ ದಪ್ಪಗೆ ಹಾಸಿ. ಪಂಪಿನ ಕೆಲಸಕ್ಕೆ ಮೊದಲು ಮೇನ್ ಆಫ್ ಮಾಡಿ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳಿ.

ಈಗ ಕೆಲಸ

ಮೊದಲು ಉಜ್ಜಬೇಕು. ವೈರ್ ಬ್ರಷ್ಷಿನಲ್ಲಿ ನಟ್ಟಿನ ಸುತ್ತ, ಹೊರಗೆ ಕಾಣುವ ಥ್ರೆಡ್ಡಿನ ಮೇಲೆ, ಬೋಲ್ಟಿನ ತಲೆಯ ಅಡಿಯಲ್ಲಿ, ಮಣ್ಣು, ಹಳೆ ಪೇಂಟು, ಸಡಿಲ ತುಕ್ಕು ಎಲ್ಲ ಹೋಗುವ ತನಕ. ಕಣ್ಣಿಗೆ ಕನ್ನಡಕ ಇರಲಿ, ತುಕ್ಕಿನ ಚೂರು ಸಿಡಿಯುತ್ತದೆ. ಇದನ್ನು ಬಿಟ್ಟು ಎಣ್ಣೆ ಹಾಕಿದರೆ ಮಣ್ಣು ಅದನ್ನು ಕುಡಿಯುತ್ತದೆ, ಬೋಲ್ಟಿಗೆ ಏನೂ ಸಿಗುವುದಿಲ್ಲ. ಪೇಂಟು ನಟ್ಟಿಗೂ ತಗಡಿಗೂ ಸೇರಿಕೊಂಡಿದ್ದರೆ ಆ ಗೆರೆಯ ಗುಂಟ ಚೂಪಾದ ಚಾಕು ಆಡಿಸಿ.

ಆಮೇಲೆ ಎಣ್ಣೆ. ಸಂದು ಎಲ್ಲಿದೆಯೋ ಅಲ್ಲಿಗೇ ನಳಿಗೆ ಇಟ್ಟು ಸ್ವಲ್ಪ ಸ್ವಲ್ಪವೇ ಬಿಡಿ. ನಟ್ಟಿನ ಎರಡೂ ಕಡೆಯಿಂದ ಸಿಗುವುದಾದರೆ ಎರಡೂ ಕಡೆ. ಭಾಗವನ್ನು ತಿರುಗಿಸಿ ಇಡಲು ಆಗುವುದಾದರೆ ಎಣ್ಣೆ ಥ್ರೆಡ್ಡಿನೊಳಕ್ಕೆ ಇಳಿಯುವ ಹಾಗೆ ಇಡಿ. ಆಗದಿದ್ದರೆ, ಉದಾಹರಣೆಗೆ ಅಡ್ಡ ಇರುವ ಫ್ಲೇಂಜ್ ಬೋಲ್ಟಾದರೆ, ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಪಟ್ಟಿಯನ್ನು ನಟ್ಟಿನ ಸುತ್ತ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿಬಿಡಿ. ನಮ್ಮ ಫ್ಲೇಂಜಿಗೆ ನಾನು ಮಾಡಿದ್ದು ಇದನ್ನೇ. ರಾತ್ರಿಯಿಡೀ ಎಣ್ಣೆ ಆರಲಿಲ್ಲ, ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ನಟ್ಟಿನ ಹಿಂಬದಿಯಿಂದ ಕಾಫಿ ಡಿಕಾಕ್ಷನ್ ಬಣ್ಣದ ನೀರು ಜಿನುಗುತ್ತಿತ್ತು. ಆ ಕಂದು ನೀರು ಕಂಡರೆ ಎಣ್ಣೆ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿದೆ ಅಂತ ಅರ್ಥ, ಅರ್ಧ ಕೆಲಸ ಆಯಿತು.

ಎಣ್ಣೆ ಬಿಟ್ಟ ಮೇಲೆ ಸುತ್ತಿಗೆಯಿಂದ ತಟ್ಟಿ. ಬೋಲ್ಟಿನ ತಲೆಯ ಮೇಲೆ ನೇರವಾಗಿ ಹತ್ತಿಪ್ಪತ್ತು ಸಲ, ನಟ್ಟಿನ ಆರು ಮುಖಗಳಿಗೂ ಒಂದೊಂದು. ಜೋರಾಗಿ ಬೇಡ, ಸದ್ದು ಟಣ್ ಅನ್ನುವಷ್ಟು ಸಾಕು. ಈ ಅದುರುವಿಕೆಯಲ್ಲಿ ತುಕ್ಕಿನ ಬೆಣೆ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ಥ್ರೆಡ್ಡಿನ ತುದಿಗೆ ಮಾತ್ರ ಹೊಡೆಯಬೇಡಿ, ತುದಿ ಅಣಬೆಯ ಹಾಗೆ ಅರಳಿದರೆ ನಟ್ಟು ಹೊರಗೇ ಬರುವುದಿಲ್ಲ. ಬೀಡು ಕಬ್ಬಿಣದ ಕೇಸಿಂಗಿಗೂ ಪೆಟ್ಟು ತಾಗಬಾರದು, ಅದು ಬಾಗುವುದಿಲ್ಲ, ಸೀಳುತ್ತದೆ.

ಎಷ್ಟು ಹೊತ್ತು ಬಿಡಬೇಕು? ಹಗುರ ತುಕ್ಕಿಗೆ ಕಾಲು ಗಂಟೆ. ಮಳೆಗಾಲ ಎರಡು ಮೂರು ಕಂಡ ಬೋಲ್ಟಿಗೆ ಒಂದು ರಾತ್ರಿ, ನಡುವೆ ಎರಡು ಸಲ ಎಣ್ಣೆ, ಎರಡು ಸಲ ತಟ್ಟುವುದು. ಹತ್ತು ವರ್ಷದಿಂದ ಯಾರೂ ಮುಟ್ಟದ್ದಕ್ಕೆ ಎರಡು ಮೂರು ದಿನ ಕೊಟ್ಟರೂ ತಪ್ಪಿಲ್ಲ. ಭಾನುವಾರ ಬಿಚ್ಚುವ ಕೆಲಸ ಇದ್ದರೆ ಶುಕ್ರವಾರ ಸಂಜೆಯೇ ಮೊದಲ ಎಣ್ಣೆ ಬಿಟ್ಟುಬಿಡಿ.

ಸ್ಪ್ಯಾನರಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಬಾಯಿ ತೆರೆದ ಸ್ಪ್ಯಾನರು ನಟ್ಟಿನ ಎರಡು ಮುಖ ಮಾತ್ರ ಹಿಡಿಯುತ್ತದೆ, ಬಲ ಬಿದ್ದಾಗ ಬಾಯಿ ಅಗಲವಾಗಿ ಮೂಲೆ ಸವೆಯುತ್ತದೆ. ರಿಂಗ್ ಸ್ಪ್ಯಾನರು ಬಳಸಿ, ಸಾಧ್ಯವಾದರೆ ಆರು ಮೂಲೆಯ ಸಾಕೆಟ್. ಹನ್ನೆರಡು ಮೂಲೆಯದು ಸವೆದ ನಟ್ಟಿನ ಮೇಲೆ ಜಾರುತ್ತದೆ. ಅಡ್ಜಸ್ಟಬಲ್ ಸ್ಪ್ಯಾನರನ್ನು ಇಂಥ ಕೆಲಸಕ್ಕೆ ತರಲೇಬೇಡಿ. ತುಕ್ಕು ತಿಂದು ನಟ್ಟು ಸಣ್ಣದಾಗಿದ್ದರೆ ಒಂದು ಸೈಜು ಚಿಕ್ಕ ಸಾಕೆಟ್ಟನ್ನು ಸುತ್ತಿಗೆಯಲ್ಲಿ ತಟ್ಟಿ ಕೂರಿಸಬಹುದು. ಬೈಕಿನ ಸೈಡ್ ಕವರಿನ ಸ್ಟಾರ್ ತಿರುಪು ಆಗಿದ್ದರೆ ಸುತ್ತಿಗೆಯಿಂದ ಹೊಡೆದಾಗ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬರುತ್ತದೆ, ಒಂದು ಕೊಂಡಿಟ್ಟುಕೊಳ್ಳಿ.

ಈಗ ತಿರುಗಿಸುವುದು. ಮೊದಲು ಬಿಗಿ ಮಾಡುವ ಕಡೆಗೆ ಸ್ವಲ್ಪವೇ ಸ್ವಲ್ಪ ಒತ್ತಿ. ತಮಾಷೆಯಲ್ಲ, ನಿಜವಾಗಿಯೂ ಕೆಲಸ ಮಾಡುತ್ತದೆ, ತುಕ್ಕಿನ ಹಿಡಿತ ಯಾವ ಕಡೆ ಒಡೆದರೂ ಒಡೆದದ್ದೇ. ಆಮೇಲೆ ಬಿಚ್ಚುವ ಕಡೆಗೆ. ಕಿರ್ ಅಂತ ಒಣ ಸದ್ದು ಬಂದು ಕೂದಲಷ್ಟು ಕದಲಿದರೆ ನಿಲ್ಲಿಸಿ. ಅಲ್ಲಿಂದ ಒಂದೇ ಉಸಿರಿಗೆ ಬಿಚ್ಚಲು ಹೋಗುವುದೇ ದೊಡ್ಡ ತಪ್ಪು. ಎಣ್ಣೆ ಬಿಡಿ, ವಾಪಸ್ ಬಿಗಿ ಮಾಡಿ, ಮತ್ತೆ ಬಿಚ್ಚಿ, ಕಾಲು ಸುತ್ತು ಮುಂದೆ, ಅದರ ಅರ್ಧ ಹಿಂದೆ, ಹೀಗೆ ಆಡಿಸುತ್ತಾ ಬನ್ನಿ. ಹಿಂದೆ ಮುಂದೆ ಆಡಿಸುವಾಗ ಒಳಗಿನ ತುಕ್ಕಿನ ಪುಡಿ ಎಣ್ಣೆಯ ಜೊತೆ ಹೊರಬರುತ್ತದೆ, ಒಂದೇ ಕಡೆ ತಿರುಗಿಸುತ್ತಾ ಹೋದರೆ ಅದೇ ಪುಡಿ ಮುಂದೆ ಗುಡ್ಡೆಯಾಗಿ ಮತ್ತೆ ಕಚ್ಚಿಸುತ್ತದೆ.

ಕೈ ಏನು ಹೇಳುತ್ತದೆ ಅಂತ ಗಮನಿಸಿ. ನಟ್ಟು ಕದಲುವಾಗ ಕಿರುಗುಟ್ಟುತ್ತಾ, ತಡೆತಡೆದು ಬರುತ್ತದೆ. ಬೋಲ್ಟು ತಿರುಚಿಕೊಳ್ಳುವಾಗ ಸದ್ದಿರುವುದಿಲ್ಲ, ರಬ್ಬರಿನ ಹಾಗೆ ಮೆತ್ತಗೆ ಎಳೆ ಬರುತ್ತದೆ, ಸ್ಪ್ಯಾನರು ಬಿಟ್ಟರೆ ವಾಪಸ್ ಬಂದು ನಿಲ್ಲುತ್ತದೆ. ಆ ಮೆತ್ತಗಿನ ಎಳೆ ಸಿಕ್ಕಿದ ಕ್ಷಣ ಕೈ ತೆಗೆಯಿರಿ. ಇನ್ನೊಂದು ಇಂಚು ಎಳೆದರೆ ಮುರಿಯುತ್ತದೆ. ನನ್ನ ಪಂಪಿನ ಬೋಲ್ಟು ಕೊಟ್ಟ ಸೂಚನೆಯೂ ಇದೇ ಆಗಿತ್ತು, ನಾನು ಅದನ್ನು ಬಿಚ್ಚಿಕೊಳ್ಳುತ್ತಿದೆ ಅಂತ ತಿಳಿದೆ.

ಪೈಪು ಸಿಕ್ಕಿಸುವ ಮೊದಲು ಈ ಲೆಕ್ಕ ನೋಡಿ. 13ರ ಸ್ಪ್ಯಾನರು ಹಿಡಿಯುವ 8 ಎಂಎಂ ಬೋಲ್ಟನ್ನು ಬಿಗಿ ಮಾಡುವ ತಿರುಗುಬಲ ಸುಮಾರು 25 ನ್ಯೂಟನ್ ಮೀಟರ್ (ಎಳೆಯುವ ಬಲವನ್ನು ಹಿಡಿಯ ಉದ್ದದಿಂದ ಗುಣಿಸಿದ ಲೆಕ್ಕ). ಎರಡಡಿ ಪೈಪಿನ ತುದಿಯಲ್ಲಿ 20 ಕಿಲೋ ಭಾರದಷ್ಟು ಎಳೆದರೆ 120 ಆಗುತ್ತದೆ, ಹತ್ತಿರ ಹತ್ತಿರ ಐದು ಪಟ್ಟು. 10ರ ಸ್ಪ್ಯಾನರಿನ 6 ಎಂಎಂ ಬೋಲ್ಟಿಗಂತೂ ಬೇಕಾದದ್ದು 10 ನ್ಯೂಟನ್ ಮೀಟರ್ ಮಾತ್ರ, ಅದನ್ನು ಬರೀ ಕೈಯಲ್ಲೇ ಮುರಿಯಬಹುದು. ಪೈಪು ಏನಿದ್ದರೂ 17, 19ರ ಮೇಲಿನ ನಟ್ಟುಗಳಿಗೆ.

ಇಷ್ಟಕ್ಕೂ ಬರದಿದ್ದರೆ ಶಾಖ

ಶಾಖದಷ್ಟು ಕೆಲಸ ಯಾವ ಎಣ್ಣೆಯೂ ಮಾಡುವುದಿಲ್ಲ. 12 ಎಂಎಂ ನಟ್ಟನ್ನು 200 ಡಿಗ್ರಿ ಬಿಸಿ ಮಾಡಿದರೆ ಅದರ ತೂತು ಅಗಲವಾಗುವುದು ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲು. ಕೂದಲಿನ ದಪ್ಪಕ್ಕಿಂತ ಕಡಿಮೆ, ಆದರೆ ತುಕ್ಕಿನ ಬೆಣೆ ಒಡೆಯಲು ಅಷ್ಟು ಸಾಕು. ಕಾಯಿಸಬೇಕಾದದ್ದು ನಟ್ಟನ್ನು, ಬೋಲ್ಟನ್ನಲ್ಲ. ಬೋಲ್ಟು ಬಿಸಿಯಾದರೆ ಅದೂ ಹಿಗ್ಗಿ ಲಾಭ ಹೋಗುತ್ತದೆ. ಅಲ್ಯೂಮಿನಿಯಂ ಭಾಗದಲ್ಲಿ ಕಬ್ಬಿಣದ ಬೋಲ್ಟು ಕೂತಿದ್ದರೆ, ಬೈಕಿನ ಇಂಜಿನ್ನಿನಲ್ಲಿ ಇರುವ ಹಾಗೆ, ಇನ್ನೂ ಸುಲಭ: ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ, ಬಿಸಿ ಗಾಳಿ ಊದುವ ಹೀಟ್ ಗನ್ ಸಾಕಾಗುತ್ತದೆ.

ಆದರೆ ಕಾಯಿಸುವ ಮೊದಲು ಹಾಕಿದ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಬೇಕು, ನೆನೆದ ಬಟ್ಟೆ, ಸ್ಪ್ರೇ ಡಬ್ಬಿ ಎಲ್ಲ ದೂರ ಇಡಬೇಕು. ಅಸಿಟೋನ್ ಮಿಶ್ರಣ ಬಳಸಿದ್ದರೆ ಅದೇ ದಿನ ಬೆಂಕಿ ಹಚ್ಚಲೇಬೇಡಿ. ಬ್ರೇಕ್ ಕ್ಲೀನರ್ ಹೊಡೆದ ಜಾಗವನ್ನು ಕಾಯಿಸಬೇಡಿ, ಕ್ಲೋರಿನ್ ಇರುವ ಕ್ಲೀನರ್ ಬಿಸಿಗೆ ವಿಷದ ಹೊಗೆಯಾಗುತ್ತದೆ. ಸತು ಲೇಪದ ಜಿಐ ಪೈಪು, ಬೋಲ್ಟು ಕಾಯಿಸಿದಾಗ ಬರುವ ಬಿಳಿ ಹೊಗೆ ಕುಡಿದರೆ ರಾತ್ರಿಗೆ ಚಳಿ ಜ್ವರ ಬರುತ್ತದೆ, ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಮಾಡಿ. ಪೆಟ್ರೋಲ್ ಟ್ಯಾಂಕಿನ ಹತ್ತಿರದ್ದಾದರೆ ಶಾಖದ ಯೋಚನೆಯೇ ಬೇಡ.

ನಟ್ಟು ಬಿಸಿಯಾಗಿರುವಾಗಲೇ ಮೇಣದ ಬತ್ತಿಯ ತುದಿಯನ್ನು ಸಂದಿಗೆ ಮುಟ್ಟಿಸಿ. ಮೇಣ ಕರಗಿ ನೀರಿನ ಹಾಗೆ ಒಳಗೆ ಓಡುತ್ತದೆ. ತುಂಬ ಕೆಂಪಗೆ ಕಾಯಿಸಿದ್ದರೆ ಮೇಣ ಹೊತ್ತಿಕೊಳ್ಳುತ್ತದೆ, ಸ್ವಲ್ಪ ಆರಲು ಬಿಟ್ಟು ಮುಟ್ಟಿಸಿ. ನಮ್ಮ ಹಳೆ ಗೇಟಿನ ಕೀಲಿನ ಬೋಲ್ಟು ಮೂರು ದಿನ ಎಣ್ಣೆಗೆ ಬಾರದ್ದು ಒಂದು ತುಂಡು ಮೇಣದ ಬತ್ತಿಗೆ ಬಂತು.

ಮುರಿದೇ ಹೋದರೆ

ನಟ್ಟು ಮಾತ್ರ ಕೆಟ್ಟಿದ್ದು ಬೋಲ್ಟು ಬದಲಿಸಬಹುದಾದರೆ ತಲೆ ಕೆಡಿಸಿಕೊಳ್ಳಬೇಡಿ, ಗ್ರೈಂಡರಿನಲ್ಲಿ ಕತ್ತರಿಸಿ ಹೊಸದು ಹಾಕಿ. ಎಷ್ಟೋ ಸಲ ಇದೇ ಬುದ್ಧಿವಂತಿಕೆ. ತೂತಿನೊಳಗೆ ಮುರಿದು, ತುಂಡು ಸ್ವಲ್ಪ ಹೊರಗಿದ್ದರೆ ವೆಲ್ಡರಿನ ಹತ್ತಿರ ಅದರ ಮೇಲೆ ಒಂದು ನಟ್ಟು ಬೆಸೆಸಿ. ಬೆಸುಗೆಯ ಶಾಖ, ಹಿಡಿಯಲು ಹೊಸ ನಟ್ಟು, ಎರಡೂ ಸಿಗುತ್ತದೆ. ಪೂರ್ತಿ ಒಳಗೇ ಮುರಿದಿದ್ದರೆ ಲೇತ್ ಅಂಗಡಿಯವರಿಗೇ ಬಿಡಿ. ಮುರಿದ ತುಂಡನ್ನು ಒಳಗಿನಿಂದ ಕಚ್ಚಿ ತೆಗೆಯಲು ಈಜಿ ಔಟ್ ಅಂತ ಸಿಗುವ ಉಪಕರಣವನ್ನು ತುಕ್ಕು ಹಿಡಿದ ಸಣ್ಣ ಬೋಲ್ಟಿಗೆ ನಾನು ಬಳಸುವುದಿಲ್ಲ. ಅದು ಬಹಳ ಗಟ್ಟಿ ಉಕ್ಕು, ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ಲಿನಿಂದ ಅದನ್ನು ಕೊರೆಯಲು ಆಗುವುದಿಲ್ಲ, ಇದ್ದ ತೊಂದರೆ ಎರಡಾಗುತ್ತದೆ.

ವಾಪಸ್ ಹಾಕುವಾಗ

ಬಿಚ್ಚಿದ ಥ್ರೆಡ್ಡುಗಳನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿ ಒರೆಸಿ, ನಟ್ಟು ಕೈಯಲ್ಲೇ ಕೊನೆಯ ತನಕ ಓಡುತ್ತದಾ ನೋಡಿ. ಓಡದಿದ್ದರೆ ಹೊಸದು ಹಾಕಿ. ಥ್ರೆಡ್ಡಿಗೆ ತಾಮ್ರದ ಆಂಟಿ ಸೀಜ್ ಪೇಸ್ಟ್, ಅಂದರೆ ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್, ತೆಳ್ಳಗೆ ಹಚ್ಚಿ, ಅದಿಲ್ಲದಿದ್ದರೆ ಸಾಧಾರಣ ಗ್ರೀಸ್. ಸೈಲೆನ್ಸರಿನಂಥ ಬಿಸಿ ಜಾಗಕ್ಕೆ ಪೇಸ್ಟೇ ಬೇಕು, ಗ್ರೀಸು ಸುಟ್ಟುಹೋಗುತ್ತದೆ. ಎಣ್ಣೆ ಹಚ್ಚಿದ ಥ್ರೆಡ್ಡು ಅದೇ ಬಲಕ್ಕೆ ಜಾಸ್ತಿ ಬಿಗಿಯಾಗುತ್ತದೆ, ಕೈ ಸ್ವಲ್ಪ ಹಿಡಿದು ಬಿಗಿ ಮಾಡಿ. ಕಾರಿನ ಚಕ್ರದ ನಟ್ಟುಗಳಿಗೆ ಮಾತ್ರ ಪೇಸ್ಟು, ಎಣ್ಣೆ ಯಾವುದೂ ಬೇಡ, ಕಂಪನಿಗಳು ಸಾಮಾನ್ಯವಾಗಿ ಒಣಗಿಯೇ ಇರಲಿ ಅನ್ನುತ್ತವೆ.

ನಾನು ಈಗ ವರ್ಷಕ್ಕೊಮ್ಮೆ, ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಪಂಪಿನ ಫ್ಲೇಂಜು, ಗೇಟಿನ ಕೀಲು, ಹುಲ್ಲಿನ ಮೆಷಿನ್ನು, ಇವುಗಳ ಬೋಲ್ಟುಗಳನ್ನು ಒಂದೊಂದಾಗಿ ಅರ್ಧ ಸುತ್ತು ಬಿಚ್ಚಿ, ಎಣ್ಣೆ ಬಿಟ್ಟು, ವಾಪಸ್ ಬಿಗಿ ಮಾಡುತ್ತೇನೆ. ಎಲ್ಲಾ ಸೇರಿ ಒಂದೂವರೆ ಗಂಟೆಯ ಕೆಲಸ. ಫ್ಲೇಂಜಿನ ಬೋಲ್ಟನ್ನು ಸಡಿಲ ಮಾಡುವಾಗ ಒಂದಾದ ಮೇಲೆ ಒಂದನ್ನೇ ಮಾಡಿ, ಎಲ್ಲವನ್ನೂ ಒಟ್ಟಿಗೆ ಸಡಿಲ ಬಿಟ್ಟರೆ ನಡುವಿನ ಗ್ಯಾಸ್ಕೆಟ್ ಹಾಳೆ ಜಾಗ ಬದಲಿಸಿ ಆಮೇಲೆ ಗಾಳಿ ಎಳೆಯುತ್ತದೆ, ಪಂಪು ನೀರು ಎತ್ತುವುದಿಲ್ಲ.